ಕೂಜದೊಳಗಿನ ನಾಲ್ಕು ಬಿಳಿ ಕಾಳು

ನಮ್ಮ ಮನೆಯಲ್ಲಿ ರಾಜ್ಮಾ ತಿನ್ನುವ ಪದಾರ್ಥವಾಗಿರಲಿಲ್ಲ. ಆ ಬಣ್ಣ ನೋಡಿದರೇ ಹೊಟ್ಟೆ ತೊಳಸುತ್ತದೆ ಎಂದು ಅಜ್ಜಿ ಅದನ್ನು ಒಲೆಯ ಹತ್ತಿರಕ್ಕೆ ಬಿಡುತ್ತಿರಲಿಲ್ಲ. ಆದರೂ ಅಪ್ಪನ ಮೇಜಿನ ಮೇಲೆ ಎರಡು ಔಷಧದ ಸೀಸೆಗಳಿದ್ದವು. ಒಂದರಲ್ಲಿ ಕೆಂಪು ರಾಜ್ಮಾ, ಇನ್ನೊಂದರಲ್ಲಿ ಬಿಳಿ ಕಾಬೂಲಿ ಕಡಲೆ. ಬಿಳಿ ಎಂದರೆ ಆಗಲಿ, ಕೆಂಪು ಎಂದರೆ ಬೇಡ. ಭಾನುವಾರ ಬೆಳಿಗ್ಗೆ ನಲ್ಲಿ ನಿಂತ ಮೇಲೆ ಎಲ್ಲರೂ ಮುಂದಿನ ಕೋಣೆಯಲ್ಲಿ ಬಂದು ಕೂರಬೇಕು. ಅಪ್ಪ ಗೆರೆ ಎಳೆದ ನೋಟ್‌ಬುಕ್ಕಿನಲ್ಲಿ ಅಂದಿನ ಪ್ರಶ್ನೆ ಬರೆದು ಗಟ್ಟಿಯಾಗಿ ಓದುತ್ತಿದ್ದರು. ಒಬ್ಬೊಬ್ಬರ ಕೈಗೂ ಒಂದು ಬಿಳಿ, ಒಂದು ಕೆಂಪು ಕಾಳು ಕೊಡುತ್ತಿದ್ದರು. ಅಡುಗೆಮನೆಯ ಬಾಗಿಲಿಗೆ ಅಮ್ಮನ ಹಳೆಯ ಸೀರೆಯ ಪರದೆ, ಪರದೆಯ ಹಿಂದೆ ಮಣ್ಣಿನ ಕೂಜ. ಒಬ್ಬರಾದ ಮೇಲೆ ಒಬ್ಬರು ಒಳಗೆ ಹೋಗಿ ತಮಗೆ ಬೇಕಾದ ಕಾಳನ್ನು ಕೂಜಕ್ಕೆ ಹಾಕಿ ಬರಬೇಕು. ರೇಡಿಯೋ ತರಬೇಕೇ, ಬೇಸಿಗೆಯಲ್ಲಿ ಚಾರ್ಪಾಯಿಗಳನ್ನು, ಆ ಹಗ್ಗದ ಮಂಚಗಳನ್ನು, ಅಂಗಳದಲ್ಲಿ ಹಾಕಬೇಕೇ, ಹೀಗೆ ಎಲ್ಲವನ್ನೂ ಆ ಕೂಜವೇ ತೀರ್ಮಾನಿಸುತ್ತಿತ್ತು. ನನಗೆ ಹತ್ತು ತುಂಬಿದ ಚಳಿಗಾಲದಲ್ಲಿ ನನ್ನನ್ನು ಶಾಲೆ ಬಿಡಿಸಬೇಕೋ ಬೇಡವೋ ಎಂದು ಮತ ಹಾಕಿದರು. ಬಿಡಿಸಿದರು.

ಇದನ್ನು ಈಗ ಬರೆಯುವುದಕ್ಕೆ ಮೊಮ್ಮಗಳು ಅನು ಕಾರಣ. ಅವಳು ಎಂ.ಎ. ಓದುತ್ತಾಳೆ, ರಾಜ್ಯಶಾಸ್ತ್ರ. ಘಾಜಿಯಾಬಾದಿನ ನಮ್ಮ ಫ್ಲಾಟಿನ ಊಟದ ಮೇಜನ್ನು ಆರು ತಿಂಗಳಿಂದ ಅವಳ ಪುಸ್ತಕಗಳೇ ತಿಂದುಹಾಕಿವೆ. ಯಾರು ಯಾರನ್ನು ಆಳಬೇಕು, ಯಾಕೆ ಆಳಬೇಕು, ಆಳಿಸಿಕೊಳ್ಳುವವರು ಯಾಕೆ ಸುಮ್ಮನಿರುತ್ತಾರೆ, ಒಂದು ದೇಶದಲ್ಲಿ ಹೀಗಾದದ್ದು ಇನ್ನೊಂದು ದೇಶದಲ್ಲಿ ಹಾಗೇಕೆ ಆಯಿತು: ಇಷ್ಟೇ ಅದರಲ್ಲಿರುವುದು, ಅವಳು ಹೇಳಿದ್ದನ್ನು ಕೇಳಿ ನನಗೆ ಅರ್ಥವಾದ ಮಟ್ಟಿಗೆ. ಇದಕ್ಕೆ ಅಷ್ಟು ದಪ್ಪ ಪುಸ್ತಕಗಳು ಬೇಕೇ ಎಂದು ಕೇಳಿದೆ. ನಮ್ಮ ಮನೆಯ ಕೂಜದ ಕಥೆಯನ್ನು ಅವಳಿಗೆ ಹೇಳಿದ್ದೇ ತಪ್ಪಾಯಿತು. ಅವಳು ಅದನ್ನೇ ತನ್ನ ಪ್ರಬಂಧಕ್ಕೆ ಹಾಕುತ್ತೇನೆ ಎಂದು ಕೂತಳು. ಅಂದಿನಿಂದ ನನಗೆ ಕೂತಲ್ಲಿ ಕೂರಲು ಆಗುತ್ತಿಲ್ಲ. ಬಾಲ್ಕನಿಗೆ ಹೋಗುತ್ತೇನೆ, ಮೆಟ್ರೋ ಹೋಗುವುದನ್ನು ನೋಡುತ್ತೇನೆ, ಒಳಗೆ ಬರುತ್ತೇನೆ, ಗ್ಯಾಸ್ ಆರಿಸಿದೆನೇ ಎಂದು ಮತ್ತೆ ನೋಡುತ್ತೇನೆ. ಸೊಸೆ ನನ್ನ ಬಿ.ಪಿ. ನೋಡಿಸಬೇಕು ಎನ್ನುತ್ತಾಳೆ. ಬಿ.ಪಿ. ಅಲ್ಲ ಇದು.

ಮನೆ ಇದ್ದದ್ದು ದಿಲ್ಲಿಯ ಈಗಿನ ಸರೋಜಿನಿ ನಗರದಲ್ಲಿ. ಆ ಕ್ವಾರ್ಟರ್ಸುಗಳನ್ನು ಒಡೆದು ಈಗ ಗೋಪುರದಂಥ ಕಟ್ಟಡಗಳನ್ನು ಎಬ್ಬಿಸುತ್ತಿದ್ದಾರೆ. ಒಡೆಯಲಿ, ನನಗೇನೂ ಬೇಸರವಿಲ್ಲ. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಸಿಮೆಂಟಿನ ಅಂಗಳ, ಅಂಗಳದ ಮೂಲೆಯಲ್ಲಿ ಬೆಳಿಗ್ಗೆ ಎರಡು ಗಂಟೆ ಮಾತ್ರ ಉಸಿರಾಡುವ ನಲ್ಲಿ. ಮುಂದಿನ ಕೋಣೆಯಲ್ಲಿ ಅಪ್ಪನ ಮೇಜು, ಸಂಜೆ ಕಾಲೇಜಿಗೆ ಹೋಗುತ್ತಿದ್ದ ಚಿಕ್ಕಪ್ಪನ ಮಡಿಸುವ ಮಂಚ, ಅಣ್ಣನ ಹಾಸಿಗೆ. ಒಳಕೋಣೆಯಲ್ಲಿ ಅಜ್ಜಿ ಮಂಚದ ಮೇಲೆ, ಅಮ್ಮ ಮತ್ತು ನಾನು ಕೆಳಗೆ. ಅಡುಗೆಮನೆಯಲ್ಲಿ ಜಾಲರಿ ಬಾಗಿಲಿನ ಒಂದು ಕಪಾಟು. ಬೆಲ್ಲ, ತುಪ್ಪ, ಊರಿಂದ ಬಂದ ಹುಣಸೆಹಣ್ಣು, ಗೋಡಂಬಿ, ಎಲ್ಲ ಅದರೊಳಗೆ. ಅದರ ಬೀಗದ ಕೈ ಅಜ್ಜಿಯ ಸೊಂಟದಲ್ಲಿ. ಅಜ್ಜಿ ನಡೆದರೆ ಸದ್ದಾಗುತ್ತಿತ್ತು, ಆ ಸದ್ದಿಗೆ ಅಮ್ಮ ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ನಮ್ಮ ಮನೆಯ ಸರ್ಕಾರ ಎಲ್ಲಿತ್ತು ಎಂದು ಈಗ ಯಾರಾದರೂ ಕೇಳಿದರೆ ನಾನು ಕೂಜವನ್ನು ತೋರಿಸುವುದಿಲ್ಲ, ಆ ಸೊಂಟವನ್ನು ತೋರಿಸುತ್ತೇನೆ.

ಕೂಜದ ಹುಚ್ಚು ಅಪ್ಪನಿಗೆ ಹತ್ತಿದ್ದು ಒಂದು ಚುನಾವಣೆಯಲ್ಲಿ. ಅವರು ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರು. ದಿಲ್ಲಿಯ ಅಂಚಿನ ಹಳ್ಳಿಯೊಂದಕ್ಕೆ ಅವರನ್ನು ಮತಗಟ್ಟೆ ಡ್ಯೂಟಿಗೆ ಹಾಕಿದ್ದರು. ಅಲ್ಲಿಗೆ ಮುಖದ ತುಂಬ ಸೆರಗು ಎಳೆದುಕೊಂಡ ಮುದುಕಿಯೊಬ್ಬಳು ಬಂದಳಂತೆ. ಅಮ್ಮನಿಗೆ ಏನೂ ತಿಳಿಯುವುದಿಲ್ಲ, ನಾನೇ ಹಾಕುತ್ತೇನೆ ಎಂದು ಮಗ ಜೊತೆಗೆ ನುಗ್ಗಿದನಂತೆ. ದೊಡ್ಡ ಅಧಿಕಾರಿ ಅವನನ್ನು ಹೊರಗೆ ನಿಲ್ಲಿಸಿದರು. ಮುದುಕಿ ಒಬ್ಬಳೇ ಪರದೆಯ ಹಿಂದೆ ಹೋಗಿ ಎಷ್ಟು ಹೊತ್ತಾದರೂ ಬರಲಿಲ್ಲ. ಬಂದವಳು ಅಪ್ಪನ ಕಡೆ ತಿರುಗಿ, ನನ್ನನ್ನು ಒಬ್ಬಳೇ ಬಿಟ್ಟದ್ದು ಇದೇ ಮೊದಲು ಬೇಟಾ, ಎಂದಳಂತೆ. ಅಪ್ಪ ಇದನ್ನು ಹೇಳುವಾಗ ಪ್ರತಿಸಲವೂ ತುತ್ತು ಕೈಯಲ್ಲೇ ಇರುತ್ತಿತ್ತು, ಸಾರು ಮೊಣಕೈಗೆ ಇಳಿಯುತ್ತಿತ್ತು. ಮುಂದಿನ ಭಾನುವಾರವೇ ನಮ್ಮ ಮನೆಯಲ್ಲಿ ಪರದೆ ಬಿತ್ತು. ಯಾರೂ ಎರಡು ಸಲ ಹಾಕಬಾರದೆಂದು ಫೌಂಟನ್ ಪೆನ್ನಿನ ಶಾಯಿಯನ್ನು ಬೆರಳಿಗೆ ಹಚ್ಚುತ್ತಿದ್ದರು. ಐದು ಜನ ಐದು ಅಡಿ ದೂರದಲ್ಲಿ ಕೂತಿರುವ ಕೋಣೆ. ಅಜ್ಜಿ ಮಾತ್ರ ಬೆರಳು ಕೊಡಲಿಲ್ಲ.

"ಮಡಿಯಲ್ಲಿದ್ದೀನಿ. ಬೇಕಾದ್ರೆ ನಿನ್ನ ನೋಟ್‌ಬುಕ್ಕಿಗೆ ಹಚ್ಕೋ."

ಮೊದಮೊದಲು ಎಲ್ಲವೂ ಅಜ್ಜಿಗೆ ಬೇಕಾದ ಹಾಗೆಯೇ ಆಗುತ್ತಿತ್ತು. ಹೇಗೆಂದು ಅಪ್ಪನಿಗೆ ತಿಳಿಯಲು ಎರಡು ತಿಂಗಳು ಹಿಡಿಯಿತು. ಕೂಜಕ್ಕೆ ಒಂದು ಕಾಳು ಹಾಕಿದರೆ ಇನ್ನೊಂದು ಕೈಯಲ್ಲೇ ಉಳಿಯುತ್ತದಲ್ಲ. ಅಮ್ಮ ಪರದೆ ಸರಿಸಿ ಹೊರಗೆ ಬರುತ್ತಿದ್ದಂತೆ ಅಜ್ಜಿ ಅಂಗೈ ಚಾಚುತ್ತಿದ್ದಳು. ಉಳಿದದ್ದು ಕೊಡು ಎನ್ನುತ್ತಿದ್ದಳು, ಅಷ್ಟೇ. ಅಮ್ಮ ಕೊಡುತ್ತಿದ್ದಳು. ಉಳಿದ ಕಾಳಿನ ಬಣ್ಣ ನೋಡಿದರೆ ಹಾಕಿದ ಕಾಳಿನ ಬಣ್ಣ ಗೊತ್ತಾಗುತ್ತದೆ. ಚಿಕ್ಕಪ್ಪ ಇದನ್ನು ಕಂಡುಹಿಡಿದು ಬಿದ್ದುಬಿದ್ದು ನಕ್ಕ. ಅಪ್ಪ ನಗಲಿಲ್ಲ. ಕೂಜದ ಪಕ್ಕ ಒಂದು ಬಿಸ್ಕತ್ತಿನ ಡಬ್ಬ ಇಟ್ಟು, ಬೇಡದ ಕಾಳನ್ನು ಅದರೊಳಗೆ ಹಾಕಿ ಬರಿಗೈಯಲ್ಲಿ ಬರಬೇಕೆಂದು ಹೊಸ ನಿಯಮ ಬರೆದರು. ಆ ನಿಯಮ ಮತಕ್ಕೆ ಬಂದಾಗ ಅಜ್ಜಿಯೂ ಬಿಳಿಯನ್ನೇ ಹಾಕಿದಳಂತೆ. ಅವಳಿಗೆ ಅದರಿಂದೇನೂ ನಷ್ಟವಿರಲಿಲ್ಲ. ಆ ಹೊತ್ತಿಗೆ ಅಜ್ಜಿಗೆ ಬೇಕಾದ ಬಣ್ಣವನ್ನೇ ಹಾಕುವುದು ಅಮ್ಮನಿಗೆ ಅಭ್ಯಾಸವಾಗಿಹೋಗಿತ್ತು.

ಅಪ್ಪನಿಗೂ ಚಿಕ್ಕಪ್ಪನಿಗೂ ಊಟದ ಹೊತ್ತಿನಲ್ಲೇ ಜಗಳ. ಚಿಕ್ಕಪ್ಪನಿಗೆ ಆಗ ಇಪ್ಪತ್ತೋ ಇಪ್ಪತ್ತೊಂದೋ. ಕಾಲೇಜಿನಲ್ಲಿ ಕೇಳಿದ್ದನ್ನೆಲ್ಲ ಮನೆಯ ಮೇಲೆ ಪ್ರಯೋಗಿಸುತ್ತಿದ್ದ.

"ಅಣ್ಣ, ಪ್ರಶ್ನೆ ಬರೆಯೋನು ಯಾವಾಗ್ಲೂ ನೀನೇ. ಉತ್ತರ ಮಾತ್ರ ನಮ್ಮದು. ಇದೆಂಥ ಪ್ರಜಾಪ್ರಭುತ್ವ?"

"ನಿನ್ನ ಹತ್ರ ಪ್ರಶ್ನೆ ಇದ್ರೆ ಹೇಳು, ಬರೀತೀನಿ."

"ಅತ್ತಿಗೇನ ಕೇಳು. ಅವರ ಹತ್ರ ಇರಬಹುದು."

ಅಮ್ಮ ಅನ್ನ ಬಡಿಸುತ್ತಿದ್ದಳು. ಅವಳಿಗೆ ಅಂಗೀಠಿ ಎಂಬ ಇದ್ದಿಲೊಲೆಯ ಹೊಗೆ ಆಗುತ್ತಿರಲಿಲ್ಲ, ಚಳಿಗಾಲ ಬಂದರೆ ಎದೆಯೊಳಗೆ ಸೀಟಿ ಊದಿದ ಹಾಗೆ ಸದ್ದು. ಎಲ್ಲರೂ ತನ್ನನ್ನೇ ನೋಡಿದಾಗ, ವಾರಕ್ಕೊಂದು ಹೊತ್ತು ಒಲೆ ಹಚ್ಚದಿದ್ದರೆ ಹೇಗೆ, ಅವಲಕ್ಕಿ ಹಣ್ಣು ಏನಾದರೂ ತಿಂದರಾಯಿತು, ಇದನ್ನು ಬರೆಯಬಹುದೇ ಎಂದು ಕೇಳಿದಳು. ಅಮ್ಮ ಸಭೆಯ ಬಗ್ಗೆ ಬಾಯಿಬಿಟ್ಟದ್ದು ನನಗೆ ನೆನಪಿರುವ ಹಾಗೆ ಅದೊಂದೇ ಸಲ. ಅಪ್ಪ ನಿಜವಾಗಿಯೂ ಯೋಚಿಸಿದರು. ಆಮೇಲೆ ಬಹಳ ಮೃದುವಾಗಿಯೇ ಹೇಳಿದರು.

"ಅದು ಸಭೆ ವಿಷಯ ಅಲ್ವಲ್ಲೇ. ಅದು ಮನೆ ವಿಷಯ."

ಚಿಕ್ಕಪ್ಪ ತಟ್ಟೆ ಬಿಟ್ಟು ಎದ್ದ. ಅಜ್ಜಿ ಅವನ ತಟ್ಟೆಯಲ್ಲಿ ಉಳಿದ ಹಪ್ಪಳವನ್ನು ಅಣ್ಣನ ತಟ್ಟೆಗೆ ಹಾಕಿದಳು. ಅಪ್ಪ ಕೆಟ್ಟವರಲ್ಲ. ನಮ್ಮ ಕಾಲೋನಿಯಲ್ಲಿ ಹೆಂಡತಿಯ ಮೇಲೆ ಕೈಯೆತ್ತದ ಗಂಡಸರನ್ನು ಬೆರಳಲ್ಲಿ ಎಣಿಸಬಹುದಿತ್ತು, ಅಪ್ಪ ಅವರಲ್ಲೊಬ್ಬರು. ಮನೆಯೆಲ್ಲ ಕೂತು ಮಾಡುವ ಸಭೆಗೆ ಮನೆಯ ವಿಷಯ ಸೇರುವುದಿಲ್ಲ ಎಂದು ಅವರು ನಂಬಿದ್ದರು, ಅಷ್ಟೆ.

ಮಹಡಿಯ ಮೇಲಿನ ಮನೆಯಲ್ಲಿ ಇಂಥದ್ದೇನೂ ಇರಲಿಲ್ಲ. ಅಲ್ಲಿ ಬೀಜಿ ಇದ್ದಳು. ಗಡಿಯಾಚೆಯಿಂದ ಎಲ್ಲ ಬಿಟ್ಟು ಬಂದ ಪಂಜಾಬಿ ಕುಟುಂಬ. ಮೂವರು ಗಂಡುಮಕ್ಕಳು, ಸೊಸೆಯಂದಿರು, ನನ್ನ ವಯಸ್ಸಿನ ಮೊಮ್ಮಗಳು ಪಮ್ಮಿ. ಎಲ್ಲರೂ ಬೀಜಿ ಹೇಳಿದ ಹಾಗೆ. ಬೀಜಿ ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ. ಮಾತು ಮೀರಿದರೆ ರೊಟ್ಟಿ ಮಗುಚುವ ಇಕ್ಕಳ, ಚಿಮಟಾ, ಹಾರಿ ಬರುತ್ತಿತ್ತು. ನಾನು ದಿನಕ್ಕೆ ನಾಲ್ಕು ಸಲ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೆ. ಕೆಳಗೆ ಒಂದು ರಾಜ್ಯ, ಮೇಲೆ ಇನ್ನೊಂದು. ಕೆಳಗೆ ಎಲ್ಲರೂ ಮೆಲ್ಲಗೆ ಮಾತಾಡುತ್ತಿದ್ದರು, ಮೇಲೆ ಎಲ್ಲರೂ ಕಿರುಚುತ್ತಿದ್ದರು. ಕೆಳಗೆ ಅಮ್ಮ ಕೊನೆಗೆ ಊಟ ಮಾಡುತ್ತಿದ್ದಳು. ಮೇಲೆ ಸೊಸೆಯಂದಿರು ಒಲೆಯ ಸುತ್ತ ಕೂತು ಬಿಸಿ ರೊಟ್ಟಿಯನ್ನು ಅಲ್ಲೇ ಹರಿದು ತಿನ್ನುತ್ತಿದ್ದರು, ಯಾಕೆಂದರೆ ಬೀಜಿಯ ಆಜ್ಞೆ, ತಣ್ಣಗಿನ ರೊಟ್ಟಿ ತಿಂದವಳಿಗೆ ಚಿಮಟಾ. ಯಾವ ರಾಜ್ಯ ಒಳ್ಳೆಯದು ಎಂದು ನನ್ನನ್ನು ಆಗ ಯಾರಾದರೂ ಕೇಳಿದ್ದರೆ, ತುಪ್ಪ ಎಲ್ಲಿ ಹೆಚ್ಚೋ ಅದು ಎನ್ನುತ್ತಿದ್ದೆ.

ಆ ಚಳಿಗಾಲ ಅಮ್ಮನ ಉಸಿರು ತೀರಾ ಕೆಟ್ಟಿತು. ಅಜ್ಜಿಯ ಮಂಡಿಗಳೂ ಕೈಕೊಟ್ಟಿದ್ದವು. ಅಂಗೀಠಿಯನ್ನು ಅಂಗಳದಲ್ಲಿ ಹೊತ್ತಿಸಿ, ಹೊಗೆ ಹೋದ ಮೇಲೆ ಒಳಗೆ ತರಲು ಒಬ್ಬರು ಬೇಕಿತ್ತು. ನೀರು ಹಿಡಿಯಲು, ಪಾತ್ರೆ ತಿಕ್ಕಲು ಬೇಕಿತ್ತು. ನಾನು ಐದನೆಯ ಕ್ಲಾಸಿನಲ್ಲಿದ್ದೆ. ನನ್ನನ್ನು ಬಿಡಿಸಬೇಕೆಂದು ಅಜ್ಜಿ ಅಪ್ಪನಿಗೆ ಹೇಳಿದಳು. ಅಪ್ಪ, ನಾನೊಬ್ಬನೇ ತೀರ್ಮಾನ ಮಾಡುವುದಿಲ್ಲ, ಭಾನುವಾರ ಸಭೆಗೆ ತರೋಣ ಎಂದರು. ಮತಕ್ಕೆ ಹತ್ತು ವರ್ಷ ತುಂಬಿರಬೇಕೆಂಬುದು ನಿಯಮ. ನನಗೆ ತುಂಬಿ ಮೂರು ವಾರವಾಗಿತ್ತು. ಹಾಗಾಗಿ ನನ್ನ ಜೀವನದ ಮೊದಲನೆಯ ಮತ ನನ್ನ ಮೇಲೆಯೇ ಬಿತ್ತು.

ಸಭೆಗೆ ಮುಂಚಿನ ಆ ವಾರವೇ ಮುಖ್ಯ. ಶಾಲೆಯನ್ನು ನಾನು ಪ್ರೀತಿಸುತ್ತಿದ್ದೆ ಎಂದು ಯಾರೂ ತಿಳಿಯಬೇಡಿ. ಬಹೆನ್‌ಜಿ ದಿನಾ ನನ್ನನ್ನು ಎಬ್ಬಿಸಿ ಹಿಂದಿ ಪಾಠ ಓದಿಸುತ್ತಿದ್ದರು. ನಾನು ಅದನ್ನು ನಮ್ಮ ರಾಗದಲ್ಲಿ ಓದುತ್ತಿದ್ದೆ, ಹಿಂದಿನ ಬೆಂಚಿನವರು ಮದ್ರಾಸಣ್ ಮದ್ರಾಸಣ್ ಎಂದು ಕಾಲಿನಲ್ಲಿ ತಾಳ ಹಾಕುತ್ತಿದ್ದರು. ಲೆಕ್ಕದಲ್ಲಿ ಮಾತ್ರ ನಾನು ಪಮ್ಮಿಗಿಂತ ಮುಂದಿದ್ದೆ. ಇದನ್ನೆಲ್ಲ ಅಜ್ಜಿ ಬಲ್ಲಳು. ಒಂದು ಮಧ್ಯಾಹ್ನ ಅಂಗಳದ ಬಿಸಿಲಿನಲ್ಲಿ ಇಬ್ಬರೂ ಹಸಿ ಬಟಾಣಿ ಸುಲಿಯುತ್ತ ಕೂತಿದ್ದೆವು.

"ಸ್ಕೂಲಿಗೆ ಹೋಗಿ ಏನ್ ಕಡಿದು ಕಟ್ಟೆ ಹಾಕ್ಬೇಕೇ ಲಲ್ಲಿ? ದಿನಾ ಅತ್ಕೊಂಡು ಬರ್ತೀಯ."

"ದಿನಾ ಏನಿಲ್ಲ."

"ನಿಮ್ಮಪ್ಪ ನಂಗೆ ಕಾಳು ಕೊಡ್ತಾನೆ. ನಾನು ಹಾಕ್ತೀನಿ, ಪಾಪ, ಅವನ ಸಂತೋಷಕ್ಕೆ. ಆದ್ರೆ ಬೆಲ್ಲ ಬೇಕು ಅಂದ್ರೆ ಅವನೂ ಯಾರನ್ನ ಕೇಳ್ತಾನೆ?"

"ನಿನ್ನ."

ಅಜ್ಜಿ ಸೊಂಟದಿಂದ ಬೀಗದ ಕೈ ಬಿಚ್ಚಿ ಬಟಾಣಿಯ ತಟ್ಟೆಯೊಳಗೆ ಇಟ್ಟಳು. ಹಿತ್ತಾಳೆಯದು, ಹಿಡಿಕೆ ಸವೆದು ನುಣ್ಣಗಾಗಿತ್ತು.

"ಮನೇಲಿದ್ರೆ ಇದು ನಿಂದು. ನಿಮ್ಮಮ್ಮಂಗೂ ಕೊಟ್ಟಿಲ್ಲ ನಾನು."

ಭಾನುವಾರ ಬಂತು. ಮತ ಹಾಕುವವರು ಈಗ ಆರು ಜನ, ಅಪ್ಪ, ಅಮ್ಮ, ಅಜ್ಜಿ, ಚಿಕ್ಕಪ್ಪ, ಅಣ್ಣ, ನಾನು. ಆರಾದರೆ ಸಮಸಮ ಬೀಳಬಹುದಲ್ಲ, ಅದಕ್ಕೂ ಅಪ್ಪ ನಿಯಮ ಬರೆದಿದ್ದರು. ಮೂರು ಮೂರು ಬಿದ್ದರೆ ಇದ್ದದ್ದು ಇದ್ದ ಹಾಗೇ ಇರತಕ್ಕದ್ದು. ಅಂದರೆ ಮೂರು ಕೆಂಪು ಬಿದ್ದರೆ ನನ್ನ ಶಾಲೆ ಉಳಿಯುತ್ತದೆ. ಅಪ್ಪ ಪ್ರಶ್ನೆ ಓದಿ ಮುಗಿಸುವ ಮೊದಲೇ ಚಿಕ್ಕಪ್ಪ ಬಾಯಿ ಹಾಕಿದ.

"ಇದು ಮತ ಹಾಕೋ ವಿಷಯವೇ ಅಲ್ಲ ಅಣ್ಣ."

"ಯಾಕಲ್ಲ? ಮನೆಯವರಿಗೆಲ್ಲ ಸಂಬಂಧಪಟ್ಟಿದ್ದು."

"ಅವಳಿಗೆ ಸಂಬಂಧಪಟ್ಟಿದ್ದು. ನಾಳೆ ನೀವೈದು ಜನ ಸೇರಿ ನನ್ನ ಕಿವಿ ಕೊಯ್ಯೋಣ ಅಂತ ಬಿಳಿ ಹಾಕಿದ್ರೆ, ಕೊಯ್ಸ್ಕೋಬೇಕಾ ನಾನು?"

"ನಿನ್ನ ಕಿವಿ ಯಾರಿಗೆ ಬೇಕೋ," ಎಂದಳು ಅಜ್ಜಿ.

ಅಣ್ಣ ಕಿಸಕ್ಕನೆ ನಕ್ಕ. ಅಪ್ಪನಿಗೆ ಸಿಟ್ಟು ಬಂದಿತ್ತು, ಆದರೆ ಸಭೆಯಲ್ಲಿ ಅವರು ಸಿಟ್ಟು ತೋರಿಸುತ್ತಿರಲಿಲ್ಲ.

"ಅವಳಿಗೂ ಮತ ಇದೆಯಲ್ಲೋ. ನಮ್ಮೂರಲ್ಲಿ ಯಾವ ಹುಡುಗೀನ ಯಾರು ಕೇಳಿದ್ರು? ನಾನು ಕೇಳ್ತಿದ್ದೀನಿ. ಓದ್ಬೇಕು ಅಂದ್ರೆ ಅವಳೇ ಕೆಂಪು ಹಾಕ್ತಾಳೆ."

ಆಮೇಲೆ ಒಬ್ಬೊಬ್ಬರಾಗಿ ಒಳಗೆ ಹೋಗಿ ಬಂದರು. ನಾನು ಕೊನೆಯವಳು. ಪರದೆಯ ಹಿಂದೆ ಕತ್ತಲೇನೂ ಇರಲಿಲ್ಲ, ಸೀರೆಯ ಹಸಿರು ಬಣ್ಣ ಕೂಜದ ಮೇಲೆ ಬಿದ್ದಿತ್ತು. ಜಾಲರಿ ಕಪಾಟು ಕೈಗೆ ಸಿಗುವಷ್ಟು ಹತ್ತಿರವಿತ್ತು, ಒಳಗಿನ ತುಪ್ಪದ ವಾಸನೆ ಬರುತ್ತಿತ್ತು. ನನ್ನನ್ನು ಯಾರೂ ನೋಡುತ್ತಿರಲಿಲ್ಲ. ಆ ಹಳ್ಳಿಯ ಮುದುಕಿಯ ಹಾಗೆ ನಾನೂ ಒಬ್ಬಳೇ. ಬಿಳಿಯನ್ನು ಕೂಜಕ್ಕೆ ಹಾಕಿದೆ. ಕೆಂಪನ್ನು ಬಿಸ್ಕತ್ತಿನ ಡಬ್ಬಕ್ಕೆ ಹಾಕಿದೆ. ಹೊರಗೆ ಬಂದು ಕೂತೆ.

ಅಪ್ಪ ಕೂಜವನ್ನು ಹಿತ್ತಾಳೆ ತಟ್ಟೆಯ ಮೇಲೆ ಬೋರಲು ಹಾಕಿದರು. ನಾಲ್ಕು ಬಿಳಿ, ಎರಡು ಕೆಂಪು. ಒಂದು ಕೆಂಪು ಉರುಳಿ ಮೇಜಿನ ಕೆಳಗೆ ಹೋಯಿತು, ಅಣ್ಣ ಬಗ್ಗಿ ತೆಗೆದುಕೊಟ್ಟ. ಅಪ್ಪ ನೋಟ್‌ಬುಕ್ಕಿನಲ್ಲಿ ಅಂಗೀಕಾರ ಎಂದು ಬರೆದು ಒತ್ತುಕಾಗದ ಒತ್ತಿದರು. ಅವರ ಮುಖ ಸಣ್ಣದಾಗಿತ್ತು. ಅಮ್ಮ ಎದ್ದು ಒಳಗೆ ಹೋದಳು. ಚಿಕ್ಕಪ್ಪ ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಹೋದ. ಯಾರೂ ನನ್ನ ಮುಖ ನೋಡಲಿಲ್ಲ, ಅಜ್ಜಿಯನ್ನು ಬಿಟ್ಟು.

ಬೀಜಿಗೆ ಸುದ್ದಿ ಮುಟ್ಟಿದ್ದು ಸೋಮವಾರ, ಪಮ್ಮಿ ಕರೆಯಲು ಬಂದು ನಾನು ಇದ್ದಿಲಿನ ಮುಂದೆ ಕೂತದ್ದನ್ನು ನೋಡಿದಾಗ. ಬೀಜಿ ದುಡುದುಡು ಇಳಿದು ಬಂದಳು. ಅಪ್ಪ ಆಫೀಸಿಗೆ ಹೊರಟಿದ್ದರು. ಮತದ ವಿಷಯ ವಿವರಿಸಿದರು, ಹಿಂದಿಯಲ್ಲಿ, ಬಹಳ ಹೆಮ್ಮೆಯಿಂದಲೇ. ಬೀಜಿ ಪೂರ್ತಿ ಕೇಳಿಸಿಕೊಂಡಳು.

"ಮಕ್ಕಳನ್ನ ಕೇಳ್ತೀಯಾ ಬಾಬೂಜಿ? ಸಾಡೇ ಘರ್ ಕೋಯೀ ನಹೀಂ ಪೂಛ್‌ದಾ. ಪಮ್ಮಿ ಕಾಲೇಜ್ ತಕ್ ಜಾಯೇಗೀ. ಬಸ್."

ನಮ್ಮ ಮನೆಯಲ್ಲಿ ಯಾರೂ ಕೇಳುವುದಿಲ್ಲ, ಪಮ್ಮಿ ಕಾಲೇಜಿನವರೆಗೂ ಹೋಗುತ್ತಾಳೆ, ಮುಗಿಯಿತು ಎಂದು ಹೇಳಿ ಮೇಲೆ ಹೋದಳು. ಪಮ್ಮಿ ಅತ್ತರೂ ಹೊಡೆದು ಶಾಲೆಗೆ ಕಳಿಸಿದಳು. ಮತವಿಲ್ಲದ ಮನೆಯ ಹುಡುಗಿ ಬಿ.ಎ. ಮಾಡಿ ಬ್ಯಾಂಕಿಗೆ ಹೋದಳು. ಮತವಿದ್ದ ಮನೆಯ ಹುಡುಗಿ ಇದ್ದಿಲು ಊದಿದಳು. ಇದನ್ನು ಕೇಳಿದಾಗ ಅನು ಬರೆದುಕೊಳ್ಳಲು ಪೆನ್ನು ಹುಡುಕಿದಳು. ತಡಿ, ಪೂರ್ತಿ ಬರಿ ಎಂದೆ. ಅದೇ ಬೀಜಿ ಪಮ್ಮಿಯನ್ನು ಫರೀದಾಬಾದಿನ ಕಾರ್ಖಾನೆಯವನೊಬ್ಬನಿಗೆ ಕೊಟ್ಟಳು. ಅದಕ್ಕೂ ಯಾರೂ ಯಾರನ್ನೂ ಕೇಳಲಿಲ್ಲ. ಮದುವೆಯ ಬೆಳಿಗ್ಗೆ ಪಮ್ಮಿ ನಮ್ಮ ಅಂಗಳಕ್ಕೆ ಇಳಿದು ಬಂದು ನಲ್ಲಿಯ ಹತ್ತಿರ ಕೂತು ಅತ್ತಳು. ಜೀವನಪೂರ್ತಿ ಆ ಗಂಡನ ಜೊತೆ ಮಾತಿಲ್ಲದೆ ಕಳೆದಳು. ನನ್ನ ಗಂಡನನ್ನು ಅಪ್ಪ ನನಗೆ ಎರಡು ಸಲ ತೋರಿಸಿ, ಹೂಂ ಎನ್ನಿಸಿಕೊಂಡು ಮಾಡಿದರು. ಹೂಂ ಅಂದೆ, ಮನುಷ್ಯ ಸರಿಯಿದ್ದ. ಈಗ ಹೇಳು ಯಾವ ರಾಜ್ಯ ಒಳ್ಳೆಯದು ಎಂದು ಕೇಳಿದರೆ, ಅನು ಪೆನ್ನಿನ ಮುಚ್ಚಳ ಕಚ್ಚುತ್ತ ಕೂತಳು.

ಬೀಗದ ಕೈ ನನಗೆ ಸಿಕ್ಕಿತು. ಅಜ್ಜಿ ಮಾತು ತಪ್ಪಲಿಲ್ಲ. ಲಂಗದ ಲಾಡಿಗೆ ಸಿಕ್ಕಿಸಿಕೊಂಡು ಬೇಕೆಂದೇ ಸದ್ದು ಮಾಡುತ್ತ ಓಡಾಡಿದೆ. ಅದು ಆರು ವಾರ. ಒಂದು ಬೆಳಿಗ್ಗೆ ಅಮ್ಮ ಕೆಮ್ಮಿ ಕೆಮ್ಮಿ ನೀಲಿಯಾದಾಗ ಕಪಾಟು ತೆಗೆದು ಒಂದು ಚಮಚ ತುಪ್ಪವನ್ನು ಮೆಣಸಿನ ಕಷಾಯಕ್ಕೆ ಹಾಕಿ ಕೊಟ್ಟೆ. ಅಜ್ಜಿ ಸ್ನಾನ ಮುಗಿಸಿ ಬಂದು ತುಪ್ಪದ ಪಾತ್ರೆಯ ಗೆರೆ ನೋಡಿದಳು.

"ಯಾರನ್ನ ಕೇಳಿ ತೆಗ್ದೆ?"

"ಬೀಗದ ಕೈ ನಂದಲ್ವಾ?"

"ಬೀಗದ ಕೈ ನಿಂದು. ಕಪಾಟು ನಂದು."

ಅಂಗೈ ಚಾಚಿದಳು. ಕೊಟ್ಟೆ. ಅಮ್ಮ ನೋಡುತ್ತಿದ್ದಳು. ಅಮ್ಮ ಪ್ರತಿ ಭಾನುವಾರ ಉಳಿದ ಕಾಳನ್ನು ಅದೇ ಅಂಗೈಗೆ ಹಾಕುತ್ತಿದ್ದದ್ದು ಯಾಕೆ ಎನ್ನುವುದು ಆಗ ತಿಳಿಯಿತು. ಮತ್ತೆ ಶಾಲೆಗೆ ಹೋಗುತ್ತೇನೆ ಎಂದು ಅಪ್ಪನನ್ನು ಕೇಳಿದೆ. ಒಂದು ಸಲ ಅಂಗೀಕಾರವಾದದ್ದನ್ನು ವರ್ಷ ತುಂಬುವ ತನಕ ಮತ್ತೆ ತರುವಂತಿಲ್ಲ, ನಿಯಮ ಎಂದರು. ವರ್ಷ ತುಂಬುವ ಹೊತ್ತಿಗೆ ನನ್ನ ಕ್ಲಾಸಿನವರು ಮುಂದೆ ಹೋಗಿದ್ದರು, ನನಗೆ ಅಷ್ಟು ಚಿಕ್ಕವರ ಜೊತೆ ಕೂರಲು ನಾಚಿಕೆ. ಕೇಳಲೇ ಇಲ್ಲ. ಕನ್ನಡ ಅಕ್ಷರವನ್ನು ಅಪ್ಪನೇ ಸಂಜೆ ಹೊತ್ತು ಆ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ತಿದ್ದಿಸಿದರು. ತಪ್ಪಿಗೆ ದಂಡ ಕಟ್ಟಿದ ಹಾಗಿತ್ತು ಅದು.

ಈಗ ಎರಡು ಕೆಂಪು ಕಾಳಿನ ವಿಚಾರ. ನನ್ನ ಮದುವೆಯ ಹಿಂದಿನ ದಿನ ಅಮ್ಮ ತಲೆ ಬಾಚುತ್ತ, ಅವತ್ತು ಕೆಂಪು ಹಾಕಿದ್ದು ನಾನು ಕಣೇ ಎಂದಳು. ಚಿಕ್ಕಪ್ಪ ಕೆಲಸ ಸಿಕ್ಕಿ ಬೇರೆ ಊರಿಗೆ ಹೋದ ಮೇಲೆ ಬರೆದ ಮೊದಲ ಕಾಗದದಲ್ಲಿ, ನಿನ್ನ ಪರವಾಗಿದ್ದದ್ದು ನಾನೊಬ್ಬನೇ ಎಂದು ಬರೆದ. ಅಪ್ಪ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು, ನಾನು ಕೆಂಪೇ ಹಾಕಿದ್ದೆ ಲಲ್ಲಿ, ಆದರೆ ನಿಯಮ ಮುರಿಯಲಾರದೆ ಹೋದೆ ಎಂದರು. ಅಣ್ಣ ಎಪ್ಪತ್ತು ದಾಟಿದ ಮೇಲೆ ಫೋನಿನಲ್ಲಿ ಅದನ್ನೇ ಹೇಳಿದ. ಹೀಗೆ ಎರಡು ಕೆಂಪು ಕಾಳಿಗೆ ನಾಲ್ಕು ಜನ ವಾರಸುದಾರರು. ಎಲ್ಲರೂ ಒಂದು ಲೆಕ್ಕ ಇಟ್ಟುಕೊಂಡಿದ್ದರು, ಒಂದು ಕೆಂಪು ಲಲ್ಲಿಯದು, ಇನ್ನೊಂದು ತನ್ನದು ಎಂದು. ನನ್ನದು ಬಿಳಿ ಎಂದು ಅವರಲ್ಲಿ ಯಾರಿಗೂ ಹೊಳೆಯಲಿಲ್ಲ. ನಾನೂ ಹೇಳಲಿಲ್ಲ. ಅವರಲ್ಲಿ ಇಬ್ಬರು ಸುಳ್ಳು ಹೇಳಿದರು, ನಾನು ನಾಲ್ವರ ಮುಂದೆಯೂ ಸುಮ್ಮನಿದ್ದೆ. ಯಾರು ಹೆಚ್ಚು ಸುಳ್ಳುಗಾರರು? ಅಮ್ಮನ ಕೈಯಲ್ಲಿದ್ದದ್ದು ಬಿಳಿಯೇ ಆಗಿದ್ದರೂ ನಾನು ದೂರುವುದಿಲ್ಲ. ಅವಳಿಗೆ ಉಸಿರು ಬೇಕಿತ್ತು. ನಾನು ಕೆಂಪು ಹಾಕಿದ್ದರೆ ಮೂರು ಮೂರು. ಶಾಲೆ ಉಳಿಯುತ್ತಿತ್ತು. ಈ ಲೆಕ್ಕ ಮಾಡಲು ಐದನೆಯ ಕ್ಲಾಸು ಸಾಕು.

ಕೆಂಪು ನನ್ನದು ಎನ್ನದವಳು ಅಜ್ಜಿಯೊಬ್ಬಳೇ. ಅವಳು ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ ಕಾಲು ಒತ್ತುತ್ತಿದ್ದೆ. ಕೇಳದೆಯೇ ಹೇಳಿದಳು.

"ನಾನು ಬಿಳಿ ಹಾಕಿದ್ದೆ."

"ಗೊತ್ತು."

"ನೀನೂ."

ನನ್ನ ಕೈ ನಿಂತಿತು. "ಡಬ್ಬ ನೋಡಿದ್ಯಾ?"

"ಡಬ್ಬ ಯಾಕೆ ನೋಡ್ಲಿ? ಪರದೆಯಿಂದ ಹೊರಗೆ ಬಂದೋಳು ನೇರ ನನ್ನ ಸೊಂಟ ನೋಡ್ದೆ. ಒತ್ತು, ಎಡಗಾಲು."

ಒತ್ತಿದೆ. ಅವಳ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಬೇರೆ, ಏನೆಂದು ಹೇಳಲು ಬರುವುದಿಲ್ಲ. ಆ ಮನೆಯಲ್ಲಿ ನನ್ನನ್ನು ಪೂರ್ತಿ ಬಲ್ಲವಳು ಅವಳೊಬ್ಬಳೇ ಇದ್ದಳು, ನನ್ನ ಶಾಲೆ ತಿಂದವಳೂ ಅವಳೇ.

ಹೋದ ಭಾನುವಾರ ಅನು ಒಂದು ಫಾರಂ ತಂದಳು. ಪ್ರಬಂಧದಲ್ಲಿ ಯಾರ ಕಥೆ ಬರೆಯುತ್ತಾರೋ ಅವರ ಒಪ್ಪಿಗೆಯ ಸಹಿ ಬೇಕಂತೆ. ಏನು ಬರೆದಿದ್ದೀಯ ಓದು ಎಂದೆ. ಮನೆಯ ಬಹುಮತ ಸೇರಿ ಹುಡುಗಿಯೊಬ್ಬಳ ಹಕ್ಕನ್ನು ಅವಳ ಇಚ್ಛೆಗೆ ವಿರುದ್ಧವಾಗಿ ಕಿತ್ತುಕೊಂಡಿತು ಎಂದು ಬರೆದಿದ್ದಳು. ಅಲ್ಲಿಯ ತನಕ ಅವಳಿಗೂ ನನ್ನ ಕಾಳಿನ ಬಣ್ಣ ಹೇಳಿರಲಿಲ್ಲ. ಹೇಳಿದೆ. ಅವಳು ಲ್ಯಾಪ್‌ಟಾಪ್ ಮುಚ್ಚಿದಳು.

"ಅದು ಕನ್ಸೆಂಟ್ ಅಲ್ಲ ಅಜ್ಜಿ. ಹತ್ತು ವರ್ಷದ ಬಚ್ಚಿ ನೀನು. ನಿಂಗೆ ಬೇಕು ಅನ್ಸೋ ಹಾಗೆ ಅವ್ರು ಮಾಡಿದ್ರು. ಬೇಡ ಅನ್ಸೋ ಹಾಗೆ ಸ್ಕೂಲೂ ಮಾಡ್ತು. ಅಸಲೀ ಪವರ್ ಅಂದ್ರೆ ಅದೇ ಅಲ್ವಾ."

"ಹಾಗಾದ್ರೆ ಆ ಕಾಳು ನಂದಲ್ವಾ?"

"ಅಲ್ಲ."

"ಮತ್ತೆ ಕೆಂಪು ಹಾಕಿದವರದ್ದು ಅವರದ್ದೇನು? ಅವರಿಗೂ ಯಾರೋ ಬೇಕು ಅನ್ಸಿಸಿರ್ತಾರೆ. ಆ ಹಳ್ಳಿ ಮುದುಕಿದು? ಮೊನ್ನೆ ನೀನು ಬೂತಿಗೆ ಹೋಗಿ ಒತ್ತಿ ಬಂದ್ಯಲ್ಲ, ಅದು?"

"ಅರೇ ಅಜ್ಜಿ, ಹಾಗಲ್ಲ," ಎಂದಳು. ಅವಳ ಪುಸ್ತಕದವರೂ ಇದರ ಮೇಲೆ ಇನ್ನೂ ಜಗಳವಾಡುತ್ತಿದ್ದಾರಂತೆ. ಆಡಲಿ. ಅವಳು ಹೇಳಿದ್ದು ಸುಳ್ಳಲ್ಲ. ಬಟಾಣಿ ತಟ್ಟೆಯೊಳಗೆ ಬೀಗದ ಕೈ ಇಟ್ಟ ನನ್ನ ಅಜ್ಜಿಗೆ ತಾನು ಏನು ಮಾಡುತ್ತಿದ್ದೇನೆಂದು ಚೆನ್ನಾಗಿ ಗೊತ್ತಿತ್ತು. ಆದರೆ ಪರದೆಯ ಹಿಂದೆ ಎರಡು ಕಾಳು ಹಿಡಿದು ನಿಂತದ್ದು ನಾನು. ಅವತ್ತು ಶಾಲೆ ಕಳೆದುಕೊಂಡೆ. ಇವತ್ತು, ಕಳೆದುಕೊಂಡದ್ದೂ ನೀನಲ್ಲ, ಆ ಹೊತ್ತಿಗೆ ನೀನು ಅಲ್ಲಿ ಇರಲೇ ಇಲ್ಲ ಎನ್ನುತ್ತಾಳೆ ಈ ಹುಡುಗಿ, ಪ್ರೀತಿಯಿಂದಲೇ.

"ನಾಲ್ಕು ಬಿಳೀಲಿ ಒಂದು ಅವಳದ್ದೇ ಅಂತ ಬರಿ. ಸಹಿ ಹಾಕ್ತೀನಿ."

"ಬರೆದ್ರೆ ನನ್ನ ಆರ್ಗ್ಯುಮೆಂಟ್ ಪೂರಾ ಕೆಡುತ್ತೆ ಅಜ್ಜಿ."

"ಕೆಡ್ಲಿ."

"ಪ್ಲೀಸ್. ಒಂದು ಸೈನ್ ತಾನೇ."

ಸೊಸೆ ಮರುದಿನದ ರಾಜ್ಮಾಗೆ ನೆನೆಹಾಕಲು ಕಾಳು ಆರಿಸಿ ತಟ್ಟೆಯಲ್ಲಿ ಹರವಿದ್ದಳು. ಈ ಮನೆಯಲ್ಲಿ ಅದನ್ನು ತಿನ್ನುತ್ತಾರೆ, ನಾನೂ ತಿನ್ನುತ್ತೇನೆ. ಒಂದು ಕೆಂಪು ಕಾಳು ತೆಗೆದುಕೊಂಡೆ. ಅನುವಿನ ಫಾರಂ ಮೇಲೆ, ಸಹಿಗೆಂದು ಗೆರೆ ಎಳೆದ ಜಾಗದಲ್ಲಿ ಇಟ್ಟೆ. ಅದು ಉರುಳದೆ ನಿಂತಿತು. ಮಿಕ್ಕಿದ್ದನ್ನು ನೀರಿಗೆ ಹಾಕಲು ಒಳಗೆ ಹೋದೆ.